ಬೇಸಿಗೆ ರಜೆಯಲ್ಲಿ ಗಾಲ್ಫ್ ಅಂಗಳಗಳು ಮಕ್ಕಳಿಗೂ ತೆರೆಯಲಿ

ಮಾನ್ಯ ಸಂಪಾದಕರೇ,

ಕೊಡಗಿನ ಗಾಲ್ಫ್ ಅಂಗಳಗಳನ್ನು ಬೇಸಿಗೆ ರಜೆಯ ವಾರದ ದಿನಗಳಲ್ಲಿ, ಬೆಳಗಿನ ಒಂದೆರಡು ಗಂಟೆಗಳ ಮಟ್ಟಿಗಾದರೂ, ಸುತ್ತಮುತ್ತಲಿನ ಸರ್ಕಾರಿ ಶಾಲೆಗಳ ಹಾಗೂ ತೋಟಗಳ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಮಕ್ಕಳಿಗೆ ತೆರೆಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಾಫ್ಟ್‌ವೇರ್ ಉದ್ಯೋಗಿ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ವಿರಾಜಪೇಟೆ ತಾಲ್ಲೂಕಿನ ನಮ್ಮ ಮನೆಯಿಂದಲೇ ಮಾಡುತ್ತೇನೆ. ಬಿಡುವಿದ್ದ ಬೆಳಗುಗಳಲ್ಲಿ ಗಾಲ್ಫ್ ಆಡುತ್ತೇನೆ. ಮಕ್ಕಳ ಕೈಯಲ್ಲಿರುವ ಮೊಬೈಲ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಸುಬಿನಿಂದಲೂ, ಈ ಆಟ ಏನನ್ನು ಕಲಿಸುತ್ತದೆ ಎಂಬುದು ಅಭ್ಯಾಸದಿಂದಲೂ ನನಗೆ ತಿಳಿದಿದೆ. ಆ ತಿಳಿವಳಿಕೆಯೇ ಈ ಕೋರಿಕೆಗೆ ಆಧಾರ.

ಏಪ್ರಿಲ್, ಮೇ ತಿಂಗಳುಗಳು ಶಾಲೆಗೆ ರಜೆಯಾದರೂ ತೋಟಕ್ಕೆ ರಜೆಯಲ್ಲ. ಹೂಮಳೆಯಾದ ಮೇಲೆ ಮತ್ತೆ ಹದವಾದ ಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಿಡಿಯಬೇಕು, ಕರಿಮೆಣಸಿನ ಕೊಯ್ಲು ಮುಗಿಸಬೇಕು, ಕಣದಲ್ಲಿ ಒಣಗಲು ಹರಡಿದ್ದನ್ನು ಮಧ್ಯಾಹ್ನ ಮೋಡ ಕವಿಯುವ ಮೊದಲೇ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ತಂದೆ ತಾಯಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿದ ಮಗುವಿಗೆ ಸಂಗಾತಿಯಾಗಿ ಸಿಗುವುದು ಮೊಬೈಲ್ ಮಾತ್ರ. ಇದಕ್ಕಾಗಿ ಪೋಷಕರನ್ನು ದೂರುವವರು ಬಹಳ ಮಂದಿ ಇದ್ದಾರೆ. ನಾನು ಆ ದೂರನ್ನು ಒಪ್ಪುವುದಿಲ್ಲ, ಏಕೆಂದರೆ ಮೊಬೈಲ್ ಆಟಗಳನ್ನು ತಯಾರಿಸುವವರು ಮಕ್ಕಳ ಗಮನ ಕದಲದಂತೆ ನೋಡಿಕೊಳ್ಳಲು ಎಷ್ಟು ಶ್ರಮ ಹಾಕುತ್ತಾರೆ ಎಂಬುದು ನನಗೆ ಗೊತ್ತು. ದಿನ ತಪ್ಪದೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಅಲ್ಲಿಯವರೆಗಿನ ಸರಣಿಯೆಲ್ಲ ಸೊನ್ನೆ. ಯಾವ ಪೆಟ್ಟಿಗೆ ತೆರೆದರೆ ಏನು ಸಿಗುತ್ತದೆ ಎಂಬುದನ್ನು ಬೇಕೆಂದೇ ಮುಚ್ಚಿಡುವುದು. ಬಳಕೆದಾರರನ್ನು ಅವರಿಗೇ ಗೊತ್ತಾಗದಂತೆ ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಹೊತ್ತಿನಲ್ಲಿ ನೋಟಿಫಿಕೇಶನ್ ಕಳುಹಿಸಿ, ಯಾವುದಕ್ಕೆ ಹೆಚ್ಚು ಜನ ಮರಳಿ ಬಂದರು ಎಂದು ಅಳೆದು ನೋಡುವುದು. ಇವೆಲ್ಲ ಈ ಉದ್ಯಮದಲ್ಲಿ ದಿನನಿತ್ಯದ ಕೆಲಸಗಳು. ಇಂಥದ್ದರ ಎದುರು ದಣಿದು ಮನೆಗೆ ಬಂದ ತಾಯಿಯ ಗದರಿಕೆ ನಿಲ್ಲಲಾರದು. ಮನೆಯ ಹೊರಗೆ ಹೋಗಲು ಒಂದು ಜಾಗ, ಮಾಡಲು ಒಂದು ಕೆಲಸ, ಜೊತೆಗೆ ನಾಲ್ಕು ಜನ ಇದ್ದರೆ ಮಾತ್ರ ಮಕ್ಕಳು ಮೊಬೈಲನ್ನು ತಾವಾಗಿ ಕೆಳಗಿಡುತ್ತಾರೆ.

ಬೇಸಿಗೆ ಎಂದರೆ ಕೊಡಗಿನಲ್ಲಿ ಹಾಕಿ ಎಂಬುದು ನಿಜ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡುವಷ್ಟು ದೊಡ್ಡದಾಗಿ ಬೆಳೆದು ಗಿನ್ನೆಸ್ ದಾಖಲೆಗೂ ಸೇರಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡಬಹುದಾದ ಆ ಹಬ್ಬದ ಬಗ್ಗೆ ನನಗಿರುವ ಹೆಮ್ಮೆ ಅಪಾರ. ಇತರ ಸಮುದಾಯಗಳೂ ತಮ್ಮ ತಮ್ಮ ಕುಟುಂಬಗಳ ಕ್ರಿಕೆಟ್ ಟೂರ್ನಿಗಳನ್ನು ನಡೆಸುತ್ತವೆ. ಆದರೆ ಇವೆಲ್ಲ ಮನೆತನದ ಹೆಸರಿನಲ್ಲಿ ನಡೆಯುವ ಆಟಗಳು, ಅವುಗಳ ಸೊಗಸು ಇರುವುದೂ ಅಲ್ಲಿಯೇ. ಹೊರಜಿಲ್ಲೆ, ಹೊರರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದವರ ಮಕ್ಕಳು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಾರೆ. ಅವರಿಗೂ ಒಂದು ಆಟ ಬೇಕು.

ಗಾಲ್ಫ್ ಕೊಡಗಿಗೆ ಹೊಸದಲ್ಲ. ಮಡಿಕೇರಿಯಲ್ಲಿ, ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲಿ, ಪಾಲಿಬೆಟ್ಟದಲ್ಲಿ ಅಂಗಳಗಳಿವೆ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಇಷ್ಟು ಅಂಗಳಗಳಿರುವುದು ಅಪರೂಪದ ಭಾಗ್ಯವೆಂದೇ ನಾನು ಭಾವಿಸಿದ್ದೇನೆ. ವಾರದ ದಿನಗಳಲ್ಲಿ ಗಾಲ್ಫ್ ಅಂಗಳದಲ್ಲಿ ಜನ ವಿರಳವೆಂಬುದು ಆಡುವವರೆಲ್ಲರಿಗೂ ಗೊತ್ತಿರುವ ಸಂಗತಿ. ಆ ಖಾಲಿ ಬೆಳಗುಗಳನ್ನೇ ನಾನು ಮಕ್ಕಳಿಗಾಗಿ ಕೇಳುತ್ತಿರುವುದು.

ಕಳೆದ ಬೇಸಿಗೆಯಲ್ಲಿ ನಾನು ಹೊಡೆದ ಚೆಂಡೊಂದು ಬೇಲಿ ದಾಟಿ ಕಾಫಿ ಗಿಡಗಳ ನಡುವೆ ಬಿದ್ದಾಗ, ಅದನ್ನು ಹುಡುಕಿ ತಂದುಕೊಟ್ಟ ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಅಲ್ಲಿಯೇ ನಿಂತು ಆಟ ನೋಡತೊಡಗಿದಳು. ಅವಳಿಗೆ ಗಾಲ್ಫ್ ಗೊತ್ತಿತ್ತು, ಮೊಬೈಲಿನಲ್ಲಿ ಆಡಿ ಗೊತ್ತಿತ್ತು. ಗುಳಿಯ ಸುತ್ತ ಹುಲ್ಲನ್ನು ಒತ್ತಾಗಿ ಕತ್ತರಿಸಿದ ಗ್ರೀನ್ ಮೇಲೆ, ಚೆಂಡನ್ನು ಗುಳಿಗೆ ಉರುಳಿಸುವ ಕೋಲಾದ ಪಟ್ಟರ್ ಕೊಟ್ಟಾಗ, "ಅಂಕಲ್, ಇಲ್ಲಿ ಬಾಣದ ಗುರುತು ಬರುವುದಿಲ್ಲವಾ?" ಎಂದು ಕೇಳಿದಳು. ಮೊಬೈಲ್ ಆಟದಲ್ಲಿ ಇಳಿಜಾರು ಯಾವ ಕಡೆಗಿದೆ ಎಂದು ಬಾಣಗಳು ತೋರಿಸುತ್ತವೆ. ಅವಳ ಮೊದಲ ಹೊಡೆತ ಗುಳಿಯಿಂದ ಎರಡು ಗೇಣು ಎಡಕ್ಕೆ ಸರಿದು ಹೋಯಿತು. ಆದರೆ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಆರಿರಲಿಲ್ಲವಾದ್ದರಿಂದ ಚೆಂಡು ಉರುಳಿದ ದಾರಿ ಗೆರೆ ಎಳೆದಂತೆ ಸ್ಪಷ್ಟವಾಗಿ ಉಳಿದಿತ್ತು. ಅವಳು ಕುಕ್ಕರಗಾಲಿನಲ್ಲಿ ಕುಳಿತು ಆ ಗೆರೆ ಎಲ್ಲಿ ಬಾಗಲು ಶುರುವಾಗಿದೆ ಎಂದು ಬಹಳ ಹೊತ್ತು ನೋಡಿದಳು. ಮುಂದಿನ ಸಲ ಗುಳಿಯ ಬಲಕ್ಕೆ ಗುರಿಯಿಟ್ಟು ಮೆಲ್ಲನೆ ತಳ್ಳಿದಾಗ ಚೆಂಡು ಗುಳಿಯ ಅಂಚಿಗೆ ಬಂದು ನಿಂತಿತು. ಗುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು 43 ಮಿಲಿಮೀಟರಿಗೆ ಹತ್ತಿರ. ಅಂಥ ಗುಳಿಗೆ ಅಷ್ಟು ಸಮೀಪ ಬರುವುದು ಎಷ್ಟು ಕಷ್ಟವೆಂದು ಆಡಿದವರಿಗೆ ಗೊತ್ತು. ತಾನೇ ಕಂಡು, ತಾನೇ ಊಹಿಸಿ, ತಾನೇ ತಿದ್ದಿಕೊಳ್ಳುವ ಈ ಕಲಿಕೆಯನ್ನು ಬಾಣದ ಗುರುತು ಕೊಡಲಾರದು.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ಈ ಆಟದಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ನೋಡಿ ಹೊಡೆತಗಳ ರಿಯಾಯಿತಿ ಕೊಡುವ ಲೆಕ್ಕ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ, ಏಕೆಂದರೆ ಗಾಲ್ಫ್ ಮಕ್ಕಳಿಗೆ ತಕ್ಕುದಲ್ಲ ಎನ್ನುವವರಿಗೆ ಇದರಲ್ಲಿಯೇ ಉತ್ತರವಿದೆ. 2020ರಿಂದ ಜಗತ್ತಿನ ಎಲ್ಲೆಡೆಗೂ ಅನ್ವಯಿಸುವಂತೆ ರೂಪಿಸಿರುವ ಪದ್ಧತಿಯಲ್ಲಿ, ಒಬ್ಬರು ಆಡಿದ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿ ತೆಗೆದು ಅವರ ಹ್ಯಾಂಡಿಕ್ಯಾಪ್ ನಿರ್ಧರಿಸುತ್ತಾರೆ. ಅಂಗಳಗಳೆಲ್ಲ ಒಂದೇ ಸಮ ಕಷ್ಟವಾಗಿರುವುದಿಲ್ಲ. ಅದಕ್ಕಾಗಿ ಪ್ರತಿ ಅಂಗಳಕ್ಕೂ ಕೋರ್ಸ್ ರೇಟಿಂಗ್ (ನುರಿತ ಆಟಗಾರರಿಗೆ ಬೇಕಾಗುವ ಹೊಡೆತಗಳ ಅಂದಾಜು), ಸ್ಲೋಪ್ ರೇಟಿಂಗ್ (ಸಾಮಾನ್ಯ ಆಟಗಾರರಿಗೆ ಅದು ಇನ್ನೆಷ್ಟು ಕಷ್ಟ ಎಂಬುದರ ಅಳತೆ) ಎಂಬ ಎರಡು ಅಂಕಿಗಳನ್ನು ಕೊಡುತ್ತಾರೆ. ಸಾಧಾರಣ ಕಷ್ಟದ ಅಂಗಳದ ಸ್ಲೋಪ್ 113. ಆಡಿದ ಹೊಡೆತಗಳಿಂದ ಕೋರ್ಸ್ ರೇಟಿಂಗ್ ಕಳೆದು, ಉಳಿದದ್ದನ್ನು 113ರಿಂದ ಗುಣಿಸಿ, ಆ ಅಂಗಳದ ಸ್ಲೋಪ್‌ನಿಂದ ಭಾಗಿಸಿದರೆ ಸುಲಭದ ಅಂಗಳದಲ್ಲಿ ಆಡಿದವರನ್ನೂ ಕಠಿಣವಾದದ್ದರಲ್ಲಿ ಆಡಿದವರನ್ನೂ ಒಂದೇ ಅಳತೆಯಲ್ಲಿ ನೋಡಬಹುದು. ಯಾವುದೋ ಒಂದು ಗುಳಿಯಲ್ಲಿ ಹೊಡೆತಗಳು ಕೈಮೀರಿ ಏರಿದರೆ ಲೆಕ್ಕಕ್ಕೆ ಹಿಡಿಯುವಾಗ ಅವನ್ನು ಒಂದು ಮಿತಿಗೆ ಇಳಿಸುತ್ತಾರೆ. ಒಂದು ಕೆಟ್ಟ ಗಳಿಗೆ ಇಡೀ ದಿನದ ಆಟವನ್ನು ಕೆಡಿಸಬಾರದೆಂಬ ಕಾಳಜಿ ಅದರಲ್ಲಿದೆ. ಹ್ಯಾಂಡಿಕ್ಯಾಪ್‌ನ ಗರಿಷ್ಠ ಮಿತಿ 54. ಅಂದರೆ ಈಗಷ್ಟೇ ಕಲಿಯುತ್ತಿರುವ ಮಗುವಿಗೆ 18 ಗುಳಿಗಳಲ್ಲಿ ಪ್ರತಿಯೊಂದಕ್ಕೂ ಸುಮಾರು 3 ಹೊಡೆತಗಳ ರಿಯಾಯಿತಿ ಸಿಗುತ್ತದೆ, ಮತ್ತು ಆ ಮಗು ಮೂವತ್ತು ವರ್ಷದಿಂದ ಆಡುತ್ತಿರುವವರ ಜೊತೆ ನಿಜವಾದ ಪಂದ್ಯವನ್ನೇ ಆಡಬಹುದು. ಮೊಬೈಲಿನ ಗಾಲ್ಫ್‌ನಲ್ಲಿ ಹಣ ಕೊಟ್ಟವನಿಗೆ ಹೆಚ್ಚು ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಸಿಗುತ್ತದೆ. ಇಲ್ಲಿ ಬಲ ಕಡಿಮೆಯಿದ್ದವರಿಗೆ ಹೊಡೆತ ಸಿಗುತ್ತದೆ. ದಿನವಿಡೀ ಪ್ರೋಗ್ರಾಂಗಳ ನಡುವೆಯೇ ಇರುವ ನಾನು ಇಷ್ಟು ನ್ಯಾಯವಾದ ಲೆಕ್ಕವನ್ನು ಕಂಡದ್ದು ಕಡಿಮೆ.

ಇನ್ನೊಂದು ಸಂಗತಿಯೆಂದರೆ, ಈ ಆಟದಲ್ಲಿ ಪ್ರತಿ ಆಟಗಾರನ ಹಿಂದೆ ಅಂಪೈರ್ ಓಡಾಡುವುದಿಲ್ಲ. ಪೊದೆಯ ಮರೆಯಲ್ಲಿ ತನ್ನಿಂದಾಗಿ ಚೆಂಡು ಅರ್ಧ ಇಂಚು ಕದಲಿದರೂ ಅದನ್ನು ಆಡುವವನೇ ಹೇಳಿಕೊಂಡು ದಂಡದ ಹೊಡೆತ ಬರೆಸಿಕೊಳ್ಳಬೇಕು. 1925ರ ಯು.ಎಸ್. ಓಪನ್‌ನಲ್ಲಿ ಅಮೆರಿಕದ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಬೇರೆ ಯಾರೂ ಕಾಣದ ಇಂಥ ಚಲನೆಯನ್ನು ತಾವೇ ಹೇಳಿ ಒಂದು ಹೊಡೆತದ ದಂಡ ತೆತ್ತರು, ಕೊನೆಗೆ ಸಮಬಲವಾದಾಗ ಆಡಿಸುವ ಪ್ಲೇಆಫ್‌ನಲ್ಲಿ ಪ್ರಶಸ್ತಿಯನ್ನೇ ಕಳೆದುಕೊಂಡರು. ಹತ್ತು ವರ್ಷದ ಮಗು ತನ್ನ ಅಂಕದ ಹಾಳೆಯನ್ನು ತಾನೇ ನಂಬಿಕೆಯಿಂದ ತುಂಬುವ ಅಭ್ಯಾಸ ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಬೇಸಿಗೆ ಶಿಬಿರವನ್ನು ನಾನು ಊಹಿಸಲಾರೆ.

ಗಾಲ್ಫ್ ಹಣವಂತರ ಆಟ ಎಂಬ ಮಾತಿಗೆ ಬರುತ್ತೇನೆ. ಅದು ದುಬಾರಿ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದುಬಾರಿಯಾಗಿರುವುದು ಬಹುತೇಕ ಸದಸ್ಯತ್ವ, ಅಂಗಳದ ನಿರ್ವಹಣೆ ಮತ್ತು ಪ್ರತಿ ವರ್ಷ ಹೊಸದಾಗಿ ಬರುವ ಸಲಕರಣೆಗಳು. ಅಂಗಳ ಈಗಾಗಲೇ ಇದೆ, ಹುಲ್ಲು ಕತ್ತರಿಸುವ ಕೆಲಸ ಹೇಗೂ ನಡೆಯುತ್ತದೆ. ನಿಯಮದ ಪ್ರಕಾರ ಆಟಗಾರ 14 ಕ್ಲಬ್‌ಗಳವರೆಗೆ ಒಯ್ಯಬಹುದಾದರೂ ಕಲಿಯುವ ಮಗುವಿಗೆ ಸಾಧಾರಣ ದೂರಕ್ಕೆ ಹೊಡೆಯುವ ಒಂದು ಸೆವೆನ್ ಐರನ್, ಒಂದು ಪಟ್ಟರ್ ಸಾಕು. ಸದಸ್ಯರ ಮನೆಗಳ ಅಟ್ಟದ ಮೇಲೆ ಹಳೆಯ ಸೆಟ್‌ಗಳು ತುಕ್ಕು ಹಿಡಿಯುತ್ತಿವೆ. ಅವುಗಳ ಕೋಲನ್ನು ಹ್ಯಾಕ್ಸಾದಿಂದ ಮೊಟಕುಗೊಳಿಸಿ ಹೊಸ ಹಿಡಿ ಹಾಕಿಸಿದರೆ ದೊಡ್ಡ ಮಕ್ಕಳಿಗೆ ಒದಗುತ್ತದೆ. ತೀರ ಚಿಕ್ಕವರಿಗೆ ಮಾತ್ರ ಹಗುರವಾದ ಕ್ಲಬ್ ಕೊಳ್ಳುವುದು ಒಳ್ಳೆಯದು. ದೂರ ಅಳೆಯುವ ಗಡಿಯಾರ, ಹೊಡೆತದ ವೇಗ ತೋರಿಸುವ ಯಂತ್ರ ಯಾವುದೂ ಬೇಡ. ತಂತ್ರಜ್ಞಾನವೇ ನನ್ನ ಜೀವನೋಪಾಯವಾದರೂ ಈ ಮಾತನ್ನು ಖಚಿತವಾಗಿ ಹೇಳುತ್ತೇನೆ. ಹಾಕಿ ಕೋಲು ಹಿಡಿದು ಅಭ್ಯಾಸವಿರುವ ನಮ್ಮ ಮಕ್ಕಳಿಗೆ ಎಡಗೈ ಮೇಲೆ, ಬಲಗೈ ಕೆಳಗೆ ಎಂಬುದನ್ನು ಬಲಗೈ ಆಟಕ್ಕೆ ಹೊಸದಾಗಿ ಹೇಳಿಕೊಡಬೇಕಾಗಿಯೂ ಇಲ್ಲ.

ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಿಡದಿ ಬಳಿ ಗಾಲ್ಫ್ ಅಂಗಳದ ಪಕ್ಕದ ಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಅವರು ದೇಶದ ಹೆಸರಾಂತ ವೃತ್ತಿಪರ ಆಟಗಾರರಾದರು. ಮನೆಯ ಹತ್ತಿರ ಅಂಗಳವಿದ್ದುದು, ಅದರ ಬಾಗಿಲು ಅವರಿಗೆ ತೆರೆದದ್ದು ಇದಕ್ಕೆ ಕಾರಣ. ಬೆಂಗಳೂರಿನ ಅದಿತಿ ಅಶೋಕ್ ಎಳೆಯ ವಯಸ್ಸಿನಲ್ಲೇ ಕ್ಲಬ್ ಹಿಡಿದು 18ನೇ ವಯಸ್ಸಿಗೆ ರಿಯೊ ಒಲಿಂಪಿಕ್ಸ್ ಆಡಿದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ನಾಲ್ಕನೆಯವರಾದರು. ಪದಕದ ಪ್ಲೇಆಫ್ ಅವರಿಗೆ ತಪ್ಪಿದ್ದು ಒಂದೇ ಹೊಡೆತದಲ್ಲಿ. ಕೊಡಗಿನ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಬಾಗಿಲ ಪಕ್ಕದಲ್ಲೇ ಇರುವ ಅಂಗಳವನ್ನು ಅವರು ಬೇಲಿಯಾಚೆಯಿಂದಲೇ ನೋಡುತ್ತ ಬೆಳೆಯಬಾರದು ಎನ್ನುತ್ತಿದ್ದೇನೆ.

ನೀರಿನ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಕುಶಾಲನಗರದಲ್ಲಿ ಕಾವೇರಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ತಿಂಗಳುಗಳಲ್ಲಿ ಆಟದ ಹುಲ್ಲಿಗೆ ನೀರು ಹಾಯಿಸಿದರೆ ಜನ ಕೇಳುವುದು ಸಹಜ, ಕೇಳಬೇಕಾದ್ದೂ ಹೌದು. ಆದರೆ ಬೇಸಿಗೆಯಲ್ಲಿ ಇಡೀ ಅಂಗಳ ಹಸಿರಾಗಿರಲೇಬೇಕೆಂಬ ನಿಯಮ ಗಾಲ್ಫ್‌ನಲ್ಲಿ ಇಲ್ಲ. 2006ರಲ್ಲಿ ಇಂಗ್ಲೆಂಡಿನ ಹೊಯ್ಲೇಕ್‌ನಲ್ಲಿ ಬ್ರಿಟಿಷ್ ಓಪನ್ ನಡೆದಾಗ ಫೇರ್‌ವೇಗಳೆಲ್ಲ (ಗ್ರೀನ್‌ವರೆಗಿನ ಹುಲ್ಲಿನ ಹಾದಿಗಳು) ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಟೈಗರ್ ವುಡ್ಸ್ ಅಂಥ ನೆಲದ ಮೇಲೆಯೇ ಆಡಿ ಗೆದ್ದರು. ಗ್ರೀನ್‌ಗಳಿಗೆ ಮಾತ್ರ, ಮಳೆಗಾಲದಲ್ಲಿ ಕೆರೆಯಲ್ಲಿ ಹಿಡಿದಿಟ್ಟ ನೀರಿನಿಂದ ತೇವ ಕೊಟ್ಟು, ಉಳಿದ ಹುಲ್ಲು ಒಣಗುವುದಾದರೆ ಒಣಗಲೆಂದು ಬಿಡಬಹುದು. ಮಕ್ಕಳ ಆಟಕ್ಕೆ ಅದರಿಂದ ಯಾವ ಕೊರತೆಯೂ ಆಗದು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಡಿಲ ಸಲ್ಲದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ನಮ್ಮಲ್ಲಿ ಗುಡುಗು ಸಿಡಿಲು ಸಾಮಾನ್ಯ. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಲ್ಲುವುದು ಅಪಾಯ. ದೂರದಲ್ಲಿ ಗುಡುಗು ಕೇಳಿದರೂ ಆಟ ನಿಲ್ಲಿಸಿ ಎಲ್ಲರೂ ಕಟ್ಟಡದೊಳಗೆ ಬರಬೇಕು. ಬೇಸಿಗೆಯಲ್ಲಿ ನೀರು, ಹಲಸು ಅರಸಿ ಆನೆಗಳು ತೋಟಗಳಿಗೆ ಇಳಿಯುವುದರಿಂದ ಮಕ್ಕಳು ನಸುಕಿನಲ್ಲಿ ಒಂಟಿಯಾಗಿ ನಡೆದು ಬರುವಂತೆಯೂ ಇರಬಾರದು. ಹೀಗಾಗಿ ಬೆಳಿಗ್ಗೆ ಎಂಟರಿಂದ ಹತ್ತರವರೆಗಿನ ಹೊತ್ತು ಸೂಕ್ತ. ಆನೆಗಳ ಓಡಾಟದ ಸುದ್ದಿಯಿದ್ದ ದಿನ ಶಿಬಿರ ಬೇಡ. ಗಾಲ್ಫ್ ಚೆಂಡು ಚಿಕ್ಕದಾದರೂ ಗಟ್ಟಿ. ಹೊಡೆಯುವವರ ಮುಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಲು ಐದಾರು ಮಕ್ಕಳಿಗೆ ಒಬ್ಬ ಹಿರಿಯರು ಇರಲೇಬೇಕು. ಈ ಕೆಲಸಕ್ಕೆ ಅಂಗಳಗಳಲ್ಲಿ ಆಟಗಾರರ ಕ್ಲಬ್‌ಗಳ ಚೀಲ ಹೊತ್ತು ವರ್ಷಗಟ್ಟಲೆ ದುಡಿದಿರುವ ಕ್ಯಾಡಿಗಳಿಗಿಂತ ಅರ್ಹರಿಲ್ಲ. ಆಟದ ಒಳಹೊರಗು ಅವರಿಗೆ ಗೊತ್ತು. ಆ ದಿನಗಳ ಸಂಬಳವನ್ನು ಅವರಿಗೆ ಕೊಡಲೇಬೇಕು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ತನ್ನ ಬೇಸಿಗೆ ಶಿಬಿರಗಳ ಪಟ್ಟಿಗೆ ಗಾಲ್ಫನ್ನೂ ಸೇರಿಸಿ ಮಕ್ಕಳ ಬೆಳಗಿನ ಉಪಾಹಾರ ಮತ್ತು ವಾಹನದ ವೆಚ್ಚವನ್ನು ಭರಿಸಿದರೆ ಅಂಗಳಗಳನ್ನು ನಡೆಸುವ ಕ್ಲಬ್‌ಗಳ ಮೇಲೆ ಹೊರೆ ಬೀಳದು. ಮಕ್ಕಳ ಅಂಕಗಳನ್ನು ಬರೆದಿಟ್ಟು ಅವರ ಅಭ್ಯಾಸಕ್ಕೆ ಬೇಕಾದ ಸರಳ ಹ್ಯಾಂಡಿಕ್ಯಾಪ್ ಲೆಕ್ಕವನ್ನು ಕನ್ನಡದಲ್ಲಿಯೇ ತೋರಿಸುವ ಸಣ್ಣದೊಂದು ಪ್ರೋಗ್ರಾಂ ಬರೆದುಕೊಡಲು, ಶಿಬಿರದ ಬೆಳಗುಗಳಲ್ಲಿ ಮಕ್ಕಳ ಜೊತೆ ನಿಲ್ಲಲು ನಾನು ಸಿದ್ಧನಿದ್ದೇನೆ. ಜಿಲ್ಲೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಇತರ ಸಾಫ್ಟ್‌ವೇರ್ ಮಿತ್ರರೂ ಕೈಜೋಡಿಸಬೇಕೆಂದು ವಿನಂತಿಸುತ್ತೇನೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಅಂಗಳದಲ್ಲಿ ಕಾಲಿಡಲಾಗದು. ಆದ್ದರಿಂದ ಕ್ಲಬ್‌ಗಳ ಆಡಳಿತ ಮಂಡಳಿಗಳು ಮಾರ್ಚ್ ತಿಂಗಳ ಒಳಗೇ ತೀರ್ಮಾನ ತೆಗೆದುಕೊಂಡು ಹತ್ತಿರದ ಶಾಲೆಗಳ ಮುಖ್ಯ ಶಿಕ್ಷಕರಿಗೆ ತಿಳಿಸಿದರೆ, ಪರೀಕ್ಷೆ ಮುಗಿಯುವ ಮೊದಲೇ ಮಕ್ಕಳ ಹೆಸರು ಬರೆದುಕೊಳ್ಳಲು ಅವರಿಗೆ ಸಮಯ ಸಿಗುತ್ತದೆ.

ಇಂತಿ,
ಒಬ್ಬ ಸಾಫ್ಟ್‌ವೇರ್ ಉದ್ಯೋಗಿ,
ವಿರಾಜಪೇಟೆ ತಾಲ್ಲೂಕು, ಕೊಡಗು