17ನೇ ಕಡ್ಡಿ

ಬಿಗಿದ ದವಡೆ ತೆರೆಯಲೆಂದು ಹಲ್ಲಿನ ನಡುವೆ ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಇಡುತ್ತೇನೆ. ಮೊನ್ನೆ ಭಾನುವಾರ ಬೆಳಗ್ಗೆ ನನ್ನ ಬಾಯಿಗೆ 17ನೇ ಕಡ್ಡಿ ಹಿಡಿಸಿತು. ಅದೇ ದಿನ ಇಡ್ಲಿಯನ್ನು ಕಿವುಚದೆ ಕೈಯಲ್ಲಿ ಮುರಿದು ತಿಂದೆ. ಕೆನ್ನೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ, 30 ದಿನ ಕರೆಂಟ್ (ರೇಡಿಯೇಷನ್) ಇಟ್ಟು, ಈ ತಿಂಗಳಿಗೆ ಎರಡು ವರ್ಷ. ಕೆಲವರಿಗೆ ಥ್ಯಾಂಕ್ಸ್ ಹೇಳದೆ ಇರಲಾರೆ.

ಕರೆಂಟ್ ಮುಗಿದರೆ ಎಲ್ಲ ಮುಗೀತು ಅಂದುಕೊಂಡಿದ್ದೆ. ಮೂರು ತಿಂಗಳಿಗೆ ಗದ್ದದ ಕೆಳಗೆ ಊತ ಶುರುವಾಯಿತು. ಬೆಳಗ್ಗೆ ಎದ್ದಾಗ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಕಮ್ಮಿ. ಆಮೇಲೆ ಕತ್ತು ಹಲಗೆಯಂತೆ ಬಿಗಿಯಿತು. ಬೋರ್ಡ್ ಮೇಲೆ ಬರೆಯುತ್ತಾ ಮಕ್ಕಳ ಕಡೆ ತಿರುಗಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಮತ್ತೆ ಬಂತಾ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರ ಮನಸ್ಸಲ್ಲೂ ಅದೇ ಇತ್ತು.

ಡಾಕ್ಟರ್ ಪರೀಕ್ಷೆ ಮಾಡಿ, ಇದು ಕ್ಯಾನ್ಸರ್ ಅಲ್ಲ, ಲಿಂಫೆಡೀಮಾ ಅಂದರು. ಆಪರೇಷನ್‌ನಲ್ಲಿ ಕತ್ತಿನ ದುಗ್ಧಗ್ರಂಥಿಗಳನ್ನು (ಲಿಂಫ್ ಗಂಟು) ತೆಗೆದಿದ್ದಾರೆ, ಕರೆಂಟಿನಿಂದ ನೀರು ಹರಿಯುವ ಉಳಿದ ದಾರಿಗಳೂ ಹಾಳಾಗಿವೆ, ನೀರು ಇಳಿಯದೆ ಅಲ್ಲೇ ನಿಲ್ಲುತ್ತದೆ. ಒಳಗಿನ ಚರ್ಮ, ಮಾಂಸ ಗಟ್ಟಿಯಾಗುವುದಕ್ಕೆ ಫೈಬ್ರೋಸಿಸ್ ಅನ್ನುತ್ತಾರೆ. ಅಷ್ಟು ಬಿಡಿಸಿ ಹೇಳಿದ್ದಕ್ಕೇ ಆ ಡಾಕ್ಟರಿಗೆ ಕೈ ಮುಗಿಯುತ್ತೇನೆ.

ಫಿಸಿಯೋಥೆರಪಿ ಮೇಡಂ ಋಣ ಇನ್ನೂ ದೊಡ್ಡದು. ಊತ ಅಂದರೆ ನಮ್ಮ ಕಡೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಾರೆ, ಬಿಸಿ ಶಾಖ ಕೊಡುತ್ತಾರೆ. ಮೇಡಂ ಎರಡನ್ನೂ ಬಿಡಿಸಿದರು. ನನ್ನ ಹೆಂಡತಿಯ ಅಂಗೈಯನ್ನು ನನ್ನ ಕತ್ತಿನ ಮೇಲಿಟ್ಟು, "ಚರ್ಮ ಮಾತ್ರ ಜರುಗಬೇಕಮ್ಮಾ, ಒತ್ತಬಾರದು" ಅಂದರು. ಮೊದಲು ಹೊಟ್ಟೆ ತುಂಬ ಉಸಿರು, ಆಮೇಲೆ ಕಂಕುಳು, ಆಮೇಲೆ ಕತ್ತು, ಕೊನೆಗೆ ಮುಖ. ಊತ ಇರುವುದು ಗದ್ದದಲ್ಲಿ, ಕಂಕುಳಿಂದ ಯಾಕೆ ಶುರು ಅನ್ನಿಸಿತ್ತು. ಆದರೆ ಕೆಳಗಿನ ಕಾಲುವೆ ಕಟ್ಟಿಕೊಂಡಿರುವಾಗ ಮೇಲಿನ ಗದ್ದೆಯ ನೀರು ಬಿಟ್ಟರೆ ಎಲ್ಲಿಗೆ ಹೋಗುತ್ತೆ, ಅಲ್ವಾ? ಗದ್ದೆ ಮಾಡುವ ಮನೆಯಿಂದ ಬಂದವಳು ನನ್ನ ಹೆಂಡತಿ. ಅವಳಿಗೆ ತಕ್ಷಣ ಹೊಳೆಯಿತು.

ಅವತ್ತಿನಿಂದ ದಿನಾ ಬೆಳಗ್ಗೆ ಕಾಫಿಗೂ ಮುಂಚೆ 20 ನಿಮಿಷ. ಉಗುರು ತಗಲಬಾರದೆಂದು ವಾರವಾರ ಕತ್ತರಿಸಿಕೊಳ್ಳುತ್ತಾಳೆ. ಈಗ ನಾನೇ ಮಾಡಿಕೊಳ್ಳಲು ಕಲಿತಿದ್ದೇನೆ. ಆದರೂ ಅವಳ ಕೈ ನನ್ನ ಕೈಗಿಂತ ಹಗುರ. ಒಮ್ಮೆ ಕತ್ತು ಕೆಂಪಾಗಿ, ಬಿಸಿಯಾಗಿ, ಜ್ವರ ಬಂತು. ನಾಳೆ ನೋಡೋಣ ಅಂದೆ. ಅವಳು ಕೇಳಲಿಲ್ಲ, ನೀವುವುದನ್ನು ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸೋಂಕು ತಗಲಿತ್ತು. ಹೀಗಾದರೆ ತಡ ಮಾಡಬೇಡಿ, ದಯವಿಟ್ಟು.

ತಲೆ ಎತ್ತರಕ್ಕಿಟ್ಟು ಮಲಗಲು ಮಂಚದ ತಲೆಭಾಗಕ್ಕೆ ಮರದ ತುಂಡು ಕೊಟ್ಟ ಭಾವನಿಗೆ, ಸ್ಪರ್ಶವಿಲ್ಲದ ಕೆನ್ನೆ ಕೊಯ್ದುಕೊಳ್ಳದಿರಲೆಂದು ಟ್ರಿಮ್ಮರ್ ತಂದ ಮಗನಿಗೆ ಥ್ಯಾಂಕ್ಸ್. ಹೊಸ ಐಸ್‌ಕ್ರೀಂ ಕಡ್ಡಿಗಳ ಕಟ್ಟು ತಂದವನೂ ಅವನೇ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ. ಶುರುವಿನಲ್ಲಿ 11 ಹಿಡಿಸುತ್ತಿತ್ತು. ಒಂದು ಕಡ್ಡಿ ಜಾಸ್ತಿ ಮಾಡಲು ತಿಂಗಳುಗಟ್ಟಲೆ ಬೇಕಾಯಿತು, ನಡುವೆ ಬಿಟ್ಟಾಗ ಹಿಂದೆಯೂ ಹೋಯಿತು. ಬಾಯಿ 35 ಮಿಲಿಮೀಟರ್‌ಗಿಂತ ಕಮ್ಮಿ ತೆರೆದರೆ ದವಡೆ ಬಿಗಿದಿದೆ ಅಂತ ಲೆಕ್ಕ. ನಾನು ಆ ಗೆರೆಯ ಹತ್ತಿರ ಬಂದಿದ್ದೇನೆ.

ಊತ ಪೂರ್ತಿ ಹೋಗಿಲ್ಲ. ಬೆಳಗ್ಗೆ ಈಗಲೂ ಗದ್ದ ತುಂಬಿಕೊಂಡಿರುತ್ತದೆ.

ಕೊನೆಗೆ ನಮ್ಮ ಹೆಡ್‌ಮಿಸ್ ಅವರಿಗೆ. ಬೆಳಗಿನ ಹೊತ್ತು ನನ್ನ ಮಾತು ತೊದಲುತ್ತದೆಂದು ನಾನು ಕೇಳುವ ಮೊದಲೇ ಟೈಂಟೇಬಲ್ ಬದಲಾಯಿಸಿದಿರಿ. ಒಂದೂವರೆ ವರ್ಷ ನನ್ನ ಮೊದಲ ಪೀರಿಯಡ್ ನೀವೇ ತೆಗೆದುಕೊಂಡಿರಿ. ಮೇಡಂ, ಸೋಮವಾರದಿಂದ ಅದನ್ನು ನನಗೇ ಕೊಡಿ.