ಗಾರೆಯಲ್ಲಿ ಕಂಡ ಕಲ್ಲುಚೂರು

ಪ್ರೀತಿಯ ತಂಗಿ,

ಮೆಕ್ಸಿಕೊದ ಹಳೇ ಪಾಳು ನಗರ ತಿಯೊತಿವಾಕಾನ್ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಮೊದಲ ಪುಟದಲ್ಲೇ ‘ರಹಸ್ಯಮಯ’ ನಾಲ್ಕು ಸಲ ಬಂದಿದೆ. ಒಂದೂ ಬೇಡ. ಆ ಊರು ಕಟ್ಟಿದವರು ಯಾವ ಭಾಷೆ ಆಡುತ್ತಿದ್ದರು ಅಂತ ಇವತ್ತಿಗೂ ಖಚಿತವಿಲ್ಲ. ಅಷ್ಟು ಹೇಳಿ ಸುಮ್ನಿರು, ಸಾಕು.

ಅದನ್ನು ‘ಆಜ್ಟೆಕರ ನಗರ’ ಅಂದಿದ್ದೀಯ, ಅದು ತಪ್ಪು. ಕ್ರಿ.ಶ. 550ರ ಆಸುಪಾಸಿನಲ್ಲಿ ಅಲ್ಲಿನ ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿತ್ತು. ಆಜ್ಟೆಕರು ಬಂದದ್ದು ಎಷ್ಟೋ ನೂರು ವರ್ಷ ಆದಮೇಲೆ. ಹೆಸರುಗಳು ಮಾತ್ರ ಅವರವು. ಬೀದಿಯ ಎರಡೂ ಬದಿಯ ದಿಬ್ಬಗಳನ್ನು ನೋಡಿ ಸಮಾಧಿ ಅಂದುಕೊಂಡು ‘ಸತ್ತವರ ಬೀದಿ’ ಅಂತ ಕರೆದರು. ಅವು ಗುಡಿಗಳ ಜಗಲಿಗಳು! ಅವರೂ ನಮ್ಮ ಹಾಗೇ ನೋಡಲು ಬಂದವರು, ಅಲ್ವಾ? ಕಂಡದ್ದಕ್ಕೆ ಕತೆ ಕಟ್ಟಿಕೊಂಡರು.

ಸೂರ್ಯ ಪಿರಮಿಡ್ಡಿನ ಎತ್ತರ ಸುಮಾರು 65 ಮೀಟರ್, ಅದನ್ನು ಸರಿಯಾಗೇ ಬರೆದಿದ್ದೀಯ. ಆದರೆ ಗೋಡೆಯ ಹತ್ತಿರ ಹೋಗಿ ನಿಂತಿದ್ದೆಯಾ? ನಾನು ಹೋದಾಗ ಬೆನ್ನ ಹಿಂದೆ ಜಾಗ್ವಾರ್ ಗರ್ಜಿಸಿದ ಹಾಗಾಗಿ ಹಾರಿಬಿದ್ದೆ. ತಿರುಗಿದರೆ ಮಣ್ಣಿನ ಪೀಪಿ ಮಾರುವ ಹುಡುಗ, ನಗುತ್ತಿದ್ದ. ಹಾಗೆ ಹಾರಿ ಗೋಡೆಗೆ ಕೈ ಕೊಟ್ಟಾಗಲೇ ಕಂಡದ್ದು: ದೊಡ್ಡ ಕಲ್ಲುಗಳ ನಡುವಿನ ಗಾರೆಯಲ್ಲಿ ಕಡಲೆಕಾಯಿ ಗಾತ್ರದ ಕಲ್ಲುಚೂರುಗಳನ್ನು ಸಾಲಾಗಿ ಒತ್ತಿದ್ದರು. ‘ಚೂರು ಇರುವ ಕಡೆಯೆಲ್ಲ ನಮ್ಮ ಕಾಲದ ರಿಪೇರಿ’ ಅಂದರು ಗೈಡ್. ಹಳೆಯದು ಯಾವುದು, ಆಮೇಲೆ ಕಟ್ಟಿದ್ದು ಯಾವುದು ಅಂತ ಗೊತ್ತಾಗಲಿ ಅಂತ ಆ ಗುರುತು. ಅದಕ್ಕೂ ಮುಂಚೆ, 1905ರಿಂದ 1910ರ ನಡುವೆ, ಅಲ್ಲಿ ಅಗೆತ ನಡೆಸಿದ ಲಿಯೊಪೋಲ್ಡೊ ಬಾಟ್ರೆಸ್ ಅನ್ನೋರು ಈ ಪಿರಮಿಡ್ಡಿನ ಹೊರಮೈಯನ್ನೇ ಮೀಟರುಗಟ್ಟಲೆ ಕಿತ್ತು ತೆಗೆಸಿದ್ದರು. ಈಗ ನಾವು ಫೋಟೋ ತೆಗೆಯುವುದು ಕಟ್ಟಿದವರು ಕಂಡ ಮೈಯನ್ನಲ್ಲ.

ನಿನ್ನ ಬರಹದಲ್ಲಿ ಪೂಜಾರಿ ಮುಂಜಾನೆ ಮೆಟ್ಟಿಲು ಹತ್ತುತ್ತಾನೆ, ಕೈ ನಡುಗುತ್ತದೆ. ಚೆನ್ನಾಗಿದೆ, ತೆಗೀಬೇಡ. ಆದರೆ ಅದು ನಿನ್ನ ರಿಪೇರಿ. ‘ಹೀಗಿದ್ದಿರಬಹುದು’ ಅಂತ ಅಲ್ಲೊಂದು ಕಲ್ಲುಚೂರು ಒತ್ತು. ಗಾರೆ ಬಳಿದು ನುಣ್ಣಗೆ ಮಾಡಬೇಡ.

ಇನ್ನು ಆ ಗೇಟಿನ ಹೊರಗಿನ ಹೆಂಗಸು, ಪಾಪಾಸುಕಳ್ಳಿಯ ಮುಳ್ಳು ಹೆರೆದು ಕಾವಲಿ ಮೇಲೆ ಸುಡುತ್ತಿದ್ದವಳು. ನಮ್ಮ ಬೇಲಿಯ ಪಾಪಾಸುಕಳ್ಳಿಯ ತವರೇ ಆ ಕಡೆಯದು. ಅವಳಿಗೆ ಒಂದೂವರೆ ಸಾಲು ಕೊಟ್ಟು ಮುಂದೆ ಓಡಿದ್ದೀಯಲ್ಲ! ಚಾಕು ಎಂಥದ್ದಿತ್ತು? ಕೈಗೆ ಬಟ್ಟೆ ಸುತ್ತಿದ್ದಳಾ? ನೀನು ತಿಂದೆಯಾ, ಲೋಳೆ ಅನಿಸಿತಾ? ಅಲ್ಲಿಂದ ಶುರು ಮಾಡಿ ಇನ್ನೊಂದ್ಸಲ ಬರೆದು ಕಳಿಸು.

ನಿನ್ನ ಅಕ್ಕ