ಮೈನಸ್ 80 ಡಿಗ್ರಿ ಫ್ರೀಜರ್‌ಗಳ ಕುರಿತು ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಿಶ್ವವಿದ್ಯಾಲಯಗಳ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಸಂಶೋಧನೆಯ ಮಾದರಿಗಳನ್ನು ಕಾಪಿಡಲು ಹಗಲಿರುಳು ಓಡುವ ಮೈನಸ್ 80 ಡಿಗ್ರಿ ಫ್ರೀಜರ್‌ಗಳ ವಿಷಯ ತಮ್ಮ ಗಮನಕ್ಕೆ ತರಬೇಕಿದೆ. ಹಳೆಯ ಫ್ರೀಜರ್ ಒಂದು ದಿನಕ್ಕೆ ಸುಮಾರು 20 ಯೂನಿಟ್ ವಿದ್ಯುತ್ ಎಳೆಯುತ್ತದೆ. ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಇದೊಂದೇ ಪೆಟ್ಟಿಗೆಗೆ 600 ಬೇಕು. ಆ ವಿದ್ಯುತ್ತೆಲ್ಲ ಶಾಖವಾಗಿ ಕೋಣೆಗೇ ಬೀಳುತ್ತದೆ, ಅದನ್ನು ಹೊರಹಾಕಲು ಎಸಿ ಬೇರೆ.

ಮೈನಸ್ 80ರ ಬದಲು ಮೈನಸ್ 70ಕ್ಕೆ ಇಟ್ಟರೆ ಶೇ 30ರ ಆಸುಪಾಸು ವಿದ್ಯುತ್ ಉಳಿತಾಯವಾಗುತ್ತದೆ. ಶುದ್ಧೀಕರಿಸಿದ ಡಿಎನ್‌ಎಗೆ ಮೈನಸ್ 20 ಸಾಕು. ಗ್ಲಿಸರಾಲ್‌ನಲ್ಲಿಟ್ಟ ಬ್ಯಾಕ್ಟೀರಿಯಾ, ಆರ್‌ಎನ್‌ಎ, ಬಹುಪಾಲು ಪ್ರೊಟೀನ್‌ಗಳು 70ರಲ್ಲೂ ಚೆನ್ನಾಗಿಯೇ ಇರುತ್ತವೆ. ಆದರೆ ಗುಂಡಿ ಒತ್ತಿದರೆ ಕೆಲಸ ಮುಗಿಯಲಿಲ್ಲ. ಮೊದಲು ಕಂಡೆನ್ಸರ್ ಫಿಲ್ಟರ್‌ನ ಧೂಳು ತೆಗೆಯಬೇಕು, ಬಾಗಿಲಂಚಿನ ರಬ್ಬರ್ ಪಟ್ಟಿಗೆ (ಗ್ಯಾಸ್ಕೆಟ್) ಕಟ್ಟಿದ ಮಂಜು ಕೆರೆಯಬೇಕು. ಇಲ್ಲವಾದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ. ಹಳೆಯ ಯಂತ್ರಗಳಲ್ಲಿ ಮೇಲಿನ ಶೆಲ್ಫ್, ಅದೂ ಬಾಗಿಲ ಬದಿ, ಫಲಕ ತೋರಿಸುವುದಕ್ಕಿಂತ ಬೆಚ್ಚಗಿರುತ್ತದೆ. ಅಲ್ಲಿ ಪ್ರತ್ಯೇಕ ತಾಪಮಾಪಕ ಇಟ್ಟು ನೋಡಬೇಕು. ಅಲಾರಂ ಮಿತಿಯನ್ನೂ ಮೈನಸ್ 60ಕ್ಕೆ ಸರಿಸಬೇಕು.

ಇದನ್ನೆಲ್ಲ ಮಾಡಲು ಸಂಶೋಧಕರಿಗೆ ಮನಸ್ಸಿದೆ. ಅಡ್ಡಿ ಇರುವುದು ವ್ಯವಸ್ಥೆಯಲ್ಲಿ. ಬಿಲ್ ಕಟ್ಟುವುದು ವಿಶ್ವವಿದ್ಯಾಲಯ, ವಿಭಾಗದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕರೆಂಟ್ ಹೋಗಿ ಮಾದರಿ ಹಾಳಾದರೆ, 70ಕ್ಕೆ ಇಟ್ಟವರ ತಲೆಗೇ ದೂರು. ಅವರ ಭಯ ಸುಳ್ಳಲ್ಲ, ಕರೆಂಟ್ ಹೋದ ಮೇಲೆ ಮಾದರಿ ಕೆಡುವ ಮುನ್ನ 70ರಲ್ಲಿ ಸಿಗುವ ಸಮಯ ಸ್ವಲ್ಪ ಕಡಿಮೆಯೇ. ಆದ್ದರಿಂದ ಪ್ರತಿ ಫ್ರೀಜರೂ ಜನರೇಟರ್ ಲೈನ್‌ನಲ್ಲಿರಲಿ, 70 ಡಿಗ್ರಿಗೆ ಇಲಾಖೆಯೇ ಲಿಖಿತ ಅನುಮತಿ ಕೊಡಲಿ.

ಖರೀದಿಯದು ಇನ್ನೂ ದೊಡ್ಡ ತೊಡಕು. ಟೆಂಡರ್‌ನಲ್ಲಿ ಅತಿ ಕಡಿಮೆ ದರ ಕೂಗಿದವರನ್ನು ಆರಿಸುವ ಎಲ್-1 ಪದ್ಧತಿಯಲ್ಲಿ ನೋಡುವುದು ಕೊಳ್ಳುವ ಬೆಲೆ ಮಾತ್ರ. ತಂಪುಗೊಳಿಸಲು ಪ್ರೊಪೇನ್, ಈಥೇನ್ ಅನಿಲ ಬಳಸುವ ಹೊಸ ಫ್ರೀಜರ್‌ಗಳಿಗೆ ದಿನಕ್ಕೆ 10 ಯೂನಿಟ್ ಸಾಕು. 10 ವರ್ಷಕ್ಕೆ ಉಳಿಯುವುದು 36,500 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಎರಡೂವರೆ ಲಕ್ಷ. ಟೆಂಡರ್ ಮೌಲ್ಯಮಾಪನದಲ್ಲಿ ಈ ಲೆಕ್ಕ ಸೇರಲಿ.

ಇನ್ನೊಂದಿದೆ. ಪಿಎಚ್‌ಡಿ ಮುಗಿಸಿ ಹೋದವರ ಹೆಸರಿಲ್ಲದ ಡಬ್ಬಿಗಳು ಶೆಲ್ಫ್‌ಗಟ್ಟಲೆ ಜಾಗ ಹಿಡಿದಿರುತ್ತವೆ, ಎಸೆಯಲು ಯಾರಿಗೂ ಧೈರ್ಯವಿಲ್ಲ, ಕೊನೆಗೆ ಹೊಸ ಫ್ರೀಜರ್‌ಗೆ ಬೇಡಿಕೆ ಹೋಗುತ್ತದೆ. ಮಾದರಿಗಳ ಪಟ್ಟಿಯನ್ನು ಮಾರ್ಗದರ್ಶಕರಿಗೆ ಒಪ್ಪಿಸದೆ ನೋ ಡ್ಯೂಸ್ ಕೊಡಬಾರದೆಂದು ಸುತ್ತೋಲೆ ಹೊರಡಿಸಿ.

ಇತಿ ತಮ್ಮ ವಿಶ್ವಾಸಿಗಳು,
ರಾಜ್ಯದ ಪ್ರಯೋಗಾಲಯಗಳ ಸಂಶೋಧಕರು ಮತ್ತು ತಾಂತ್ರಿಕ ಸಿಬ್ಬಂದಿ